ಶೂನ್ಯಗಳನ್ನು ಓದುವುದು ಹೇಗೆ: ಬೇಸ್‌ಬಾಲ್ ಪಿಚರ್‌ಗಳ ಅಪರೂಪದ ಸಾಧನೆಗಳನ್ನು ಗುರುತಿಸುವ ಬಗೆ

ಕ್ರಿಕೆಟ್ ನೋಡಿ ಬೆಳೆದವರು ಅಮೆರಿಕದ ಬೇಸ್‌ಬಾಲ್ ಪಂದ್ಯವನ್ನು ಮೊದಲ ಬಾರಿ ನೋಡಿದಾಗ ‘ಇಲ್ಲಿ ಏನೂ ಆಗುತ್ತಲೇ ಇಲ್ಲವಲ್ಲ’ ಎಂದು ಬೇಸರಪಡುವುದು ಸಹಜ. ಆದರೆ ಈ ಆಟದಲ್ಲಿ ಪಿಚರ್, ಅಂದರೆ ಚೆಂಡೆಸೆಯುವವನು, ಮಾಡಬಹುದಾದ ಅತಿ ದೊಡ್ಡ ಸಾಧನೆಯೇ ಎದುರಾಳಿಗಳ ಪಾಲಿಗೆ ಏನೂ ಆಗದಂತೆ ನೋಡಿಕೊಳ್ಳುವುದು. ಬೌಲರ್‌ನ ಹಿರಿಮೆಯನ್ನು ನಾವು ವಿಕೆಟ್‌ಗಳ ಸಂಖ್ಯೆಯಲ್ಲಿ ಅಳೆಯುತ್ತೇವೆ; ಪಿಚರ್‌ನ ಹಿರಿಮೆ ಸ್ಕೋರ್ ಫಲಕದ ಶೂನ್ಯಗಳಲ್ಲಿ ಅಡಗಿರುತ್ತದೆ. ಇತಿಹಾಸ ನಿರ್ಮಾಣವಾಗುತ್ತಿರುವ ಪಂದ್ಯವೊಂದನ್ನು ಏನೂ ತಿಳಿಯದೆ ನೋಡಿ ಮುಗಿಸದಿರಲು, ಅದು ನಡೆಯುತ್ತಿರುವಾಗಲೇ ಗುರುತು ಹಿಡಿಯುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಲೆಕ್ಕ

ಒಂದು ತಂಡದಲ್ಲಿ ಒಂಬತ್ತು ಬ್ಯಾಟರ್‌ಗಳು, ಒಂದು ಪಂದ್ಯದಲ್ಲಿ ಒಂಬತ್ತು ಇನ್ನಿಂಗ್‌ಗಳು, ಪ್ರತಿ ಇನ್ನಿಂಗ್‌ನಲ್ಲಿ ತಂಡವೊಂದಕ್ಕೆ ಮೂರು ಔಟ್‌ಗಳು ಎಂಬಷ್ಟು ನೆನಪಿದ್ದರೆ ಸಾಕು, ಪಿಚರ್ ಗಳಿಸಬೇಕಾದ ಔಟ್‌ಗಳು 27 ಎಂದು ತಾನಾಗಿ ಸಿಗುತ್ತದೆ. 60 ಅಡಿ 6 ಅಂಗುಲ ದೂರದಿಂದ ಆತ ಎಸೆಯುವ ಚೆಂಡಿನಲ್ಲಿ ಮೂರು ಸ್ಟ್ರೈಕ್ (ಬ್ಯಾಟರ್ ಬೀಸಿ ತಪ್ಪಿದ, ಇಲ್ಲವೇ ಹೊಡೆಯಬಹುದಾದ ಎತ್ತರ-ಅಗಲದ ‘ಸ್ಟ್ರೈಕ್ ವಲಯ’ದೊಳಗೆ ಬಂದರೂ ಬೀಸದೆ ಬಿಟ್ಟ ಎಸೆತ) ಆದರೆ ಬ್ಯಾಟರ್ ಔಟ್; ಇದೇ ‘ಸ್ಟ್ರೈಕೌಟ್’. ಸ್ಟ್ರೈಕ್ ವಲಯದ ಹೊರಗೆ ಹೋದ ನಾಲ್ಕು ಎಸೆತಗಳನ್ನು ಬ್ಯಾಟರ್ ಬೀಸದೆ ಬಿಟ್ಟರೆ ಆತನಿಗೆ ಮೊದಲ ಬೇಸ್ (ರನ್ ಗಳಿಸಲು ಸುತ್ತಿ ಬರಬೇಕಾದ ತಾಣಗಳಲ್ಲಿ ಮೊದಲನೆಯದು) ಪುಕ್ಕಟೆಯಾಗಿ ದಕ್ಕುತ್ತದೆ. ಇದಕ್ಕೆ ‘ವಾಕ್’ ಎನ್ನುತ್ತಾರೆ.

ಬ್ಯಾಟರ್ ಮೊದಲ ಬೇಸ್ ತಲುಪಲು ದಾರಿಗಳು ಹಲವು: ಸರಿಯಾಗಿ ಹೊಡೆದ ಹಿಟ್, ವಾಕ್, ಪಿಚರ್ ಎಸೆದ ಚೆಂಡು ಮೈಗೆ ತಗುಲುವುದು, ಫೀಲ್ಡರ್‌ನ ತಪ್ಪು, ಮತ್ತು ಮೂರನೆಯ ಸ್ಟ್ರೈಕನ್ನು ಕ್ಯಾಚರ್ (ವಿಕೆಟ್ ಕೀಪರ್‌ನಂತೆ ಬ್ಯಾಟರ್ ಹಿಂದೆ ಇರುವವನು) ಹಿಡಿಯದೆ ಕೈಬಿಡುವುದು. ಈ ಪಟ್ಟಿಯಲ್ಲಿ ಹಿಟ್ ಎಂಬ ಬಾಗಿಲೊಂದನ್ನೇ ಪಂದ್ಯವಿಡೀ ಮುಚ್ಚಿಟ್ಟರೆ ಅದು ‘ನೋ-ಹಿಟ್ಟರ್’. ಎಲ್ಲ ಬಾಗಿಲುಗಳನ್ನೂ ಮುಚ್ಚಿ, ಬಂದ 27 ಮಂದಿಯನ್ನೂ ಬಂದ ಹಾಗೆಯೇ ಹಿಂದಕ್ಕೆ ಕಳುಹಿಸಿದರೆ ಅದು ‘ಪರ್ಫೆಕ್ಟ್ ಗೇಮ್’. ಅಮೆರಿಕದ ಅಗ್ರ ವೃತ್ತಿಪರ ಲೀಗ್ ಆದ ಮೇಜರ್ ಲೀಗ್‌ನ ಇತಿಹಾಸದಲ್ಲಿ ನೋ-ಹಿಟ್ಟರ್‌ಗಳು ಮುನ್ನೂರಕ್ಕೂ ಹೆಚ್ಚು ಇವೆ. ಪರ್ಫೆಕ್ಟ್ ಗೇಮ್‌ಗಳ ಪಟ್ಟಿಯಲ್ಲಿ 24ನೆಯದಾಗಿ ಸೇರಿದ್ದು 2023ರ ಜೂನ್ 28ರಂದು ನ್ಯೂಯಾರ್ಕ್ ಯಾಂಕೀಸ್‌ನ ಡೊಮಿಂಗೊ ಹೆರ್ಮಾನ್ ಆಡಿದ ಪಂದ್ಯ. ವಿಚಿತ್ರವೆಂದರೆ ಮೊದಲ ಎರಡು ಪರ್ಫೆಕ್ಟ್ ಗೇಮ್‌ಗಳು ಐದೇ ದಿನಗಳ ಅಂತರದಲ್ಲಿ ಬಂದಿದ್ದವು: 1880ರ ಜೂನ್ 12ರಂದು ಲೀ ರಿಚ್ಮಂಡ್, ಜೂನ್ 17ರಂದು ಜಾನ್ ಮಾಂಟ್‌ಗೊಮೆರಿ ವಾರ್ಡ್.

ಫಲಕದಲ್ಲಿ ಎಲ್ಲಿ ನೋಡಬೇಕು

ಸ್ಕೋರ್ ಫಲಕದ ಬಲತುದಿಯಲ್ಲಿ ಆರ್, ಎಚ್, ಇ ಎಂಬ ಮೂರು ಅಕ್ಷರಗಳ ಕೆಳಗೆ ಕ್ರಮವಾಗಿ ರನ್, ಹಿಟ್, ಎರರ್‌ಗಳ ಮೊತ್ತವಿರುತ್ತದೆ. ಹೊಸಬರು ಎಡವುವುದು ಮೂರನೆಯ ಅಕ್ಷರದಲ್ಲಿ. ರನ್ನೂ ಹಿಟ್ಟೂ ಬ್ಯಾಟಿಂಗ್ ತಂಡ ಗಳಿಸಿದ್ದು, ಎರರ್ ಮಾತ್ರ ಫೀಲ್ಡಿಂಗ್ ಮಾಡುವಾಗ ಆ ತಂಡವೇ ಮಾಡಿದ್ದು. ಆದ್ದರಿಂದ ಒಬ್ಬ ಪಿಚರ್‌ನ ಸಾಧನೆಯನ್ನು ಅಳೆಯಬೇಕಾದರೆ ಎದುರಾಳಿಯ ಸಾಲಿನಲ್ಲಿ ಮೊದಲೆರಡು ಅಂಕಿಗಳನ್ನೂ ಆತನ ಸ್ವಂತ ತಂಡದ ಸಾಲಿನಲ್ಲಿ ಕೊನೆಯ ಅಂಕಿಯನ್ನೂ ನೋಡಬೇಕು. ಐದನೆಯ ಇನ್ನಿಂಗ್ ಮುಗಿದಾಗಲೂ ಎದುರಾಳಿಯ ಎಚ್ ಕೆಳಗೆ ಶೂನ್ಯವಿದ್ದರೆ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಳ್ಳಬಹುದು.

ಹಿಟ್ ಯಾವುದು, ಎರರ್ ಯಾವುದು ಎಂದು ತೀರ್ಮಾನಿಸುವವನು ಅಂಪೈರ್ ಅಲ್ಲ, ಪತ್ರಕರ್ತರ ಗ್ಯಾಲರಿಯಲ್ಲಿ ಕುಳಿತ ಅಧಿಕೃತ ಸ್ಕೋರರ್. ಸಾಮಾನ್ಯ ಪ್ರಯತ್ನದಿಂದ ಫೀಲ್ಡರ್ ಔಟ್ ಮಾಡಬಹುದಾಗಿತ್ತು ಎಂದು ಆತನಿಗೆ ಅನ್ನಿಸಿದರೆ ಅದು ಎರರ್. ಪಿಚರ್‌ನ ನೋ-ಹಿಟ್ಟರ್ ಉಳಿಯುತ್ತದೆ, ಪರ್ಫೆಕ್ಟ್ ಗೇಮ್ ಮುರಿಯುತ್ತದೆ. 2014ರ ಜೂನ್ 18ರಂದು ಲಾಸ್ ಏಂಜಲೀಸ್ ಡಾಡ್ಜರ್ಸ್‌ನ ಕ್ಲೇಟನ್ ಕರ್ಷಾ 15 ಮಂದಿಯನ್ನು ಸ್ಟ್ರೈಕೌಟ್ ಮಾಡಿ, ಒಂದೂ ವಾಕ್ ಕೊಡದೆ ನೋ-ಹಿಟ್ಟರ್ ಮುಗಿಸಿದರು. ಪರ್ಫೆಕ್ಟ್ ಗೇಮ್ ತಪ್ಪಿದ್ದು ಶಾರ್ಟ್‌ಸ್ಟಾಪ್ (ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವಿನ ಫೀಲ್ಡರ್) ಹ್ಯಾನ್ಲಿ ರಮಿರೆಜ್ ಮಾಡಿದ ಒಂದೇ ಒಂದು ಎರರ್‌ನಿಂದ. ಹಾಗೆಂದು ಇ ಕೆಳಗೆ ಒಂದು ಕಂಡ ಕೂಡಲೇ ಆಸೆ ಬಿಡಬೇಕಾಗಿಲ್ಲ. ಫೌಲ್ ಹೋದ, ಅಂದರೆ ಆಟದ ಗೆರೆಗಳಾಚೆ ಹೋದ, ಕ್ಯಾಚನ್ನು ಫೀಲ್ಡರ್ ಕೈಚೆಲ್ಲಿದರೂ ಎರರ್ ದಾಖಲಾಗಬಹುದು, ಆದರೆ ಬ್ಯಾಟರ್ ಇನ್ನೂ ಬೇಸ್ ತಲುಪಿಲ್ಲವಾದ್ದರಿಂದ ಪರ್ಫೆಕ್ಟ್ ಗೇಮ್‌ಗೆ ಭಂಗವಿಲ್ಲ.

ಹಿಟ್ ಕೊಡದ ಪಿಚರ್ ಸೋಲುವುದೂ ಸಾಧ್ಯ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. 1964ರ ಏಪ್ರಿಲ್ 23ರಂದು ಹ್ಯೂಸ್ಟನ್ ತಂಡದ ಕೆನ್ ಜಾನ್ಸನ್ ಒಂಬತ್ತೂ ಇನ್ನಿಂಗ್‌ಗಳಲ್ಲಿ ಸಿನ್ಸಿನಾಟಿಗೆ ಒಂದೂ ಹಿಟ್ ಕೊಡಲಿಲ್ಲ. ಆದರೂ ಒಂಬತ್ತನೆಯ ಇನ್ನಿಂಗ್‌ನಲ್ಲಿ ಪೀಟ್ ರೋಸ್ ಮೆಲ್ಲಗೆ ತಟ್ಟಿದ ಚೆಂಡನ್ನು ಜಾನ್ಸನ್ ಸ್ವತಃ ತಪ್ಪಾಗಿ ಎಸೆದರು, ಬಳಿಕ ಸಹ ಆಟಗಾರನೊಬ್ಬನ ಎರರ್‌ನಿಂದ ರೋಸ್ ರನ್ ಗಳಿಸಿದರು, ಪಂದ್ಯ 1-0ಯಿಂದ ಕೈತಪ್ಪಿತು.

ವಾಕ್‌ಗಳನ್ನು ಹಿಡಿಯುವ ಉಪಾಯ

ಫಲಕದ ದೊಡ್ಡ ಕೊರತೆ ಎಂದರೆ ಅದರಲ್ಲಿ ವಾಕ್‌ಗಳ ಲೆಕ್ಕವಿಲ್ಲ. ಮಧ್ಯದಲ್ಲಿ ಟಿವಿ ಹಾಕಿದವರಿಗೆ ಮೂರು ಶೂನ್ಯಗಳು ಕಂಡರೂ, ಇದು ಬರೀ ನೋ-ಹಿಟ್ಟರೋ ಅಥವಾ ಪರ್ಫೆಕ್ಟ್ ಗೇಮೋ ಎಂದು ತಿಳಿಯುವುದಿಲ್ಲ. ಆಗ ಬ್ಯಾಟಿಂಗ್ ಸರದಿಯನ್ನು ನೋಡಬೇಕು. ಯಾರೂ ಬೇಸ್ ತಲುಪದಿದ್ದರೆ ಮೂರನೆಯ, ಆರನೆಯ ಮತ್ತು ಒಂಬತ್ತನೆಯ ಇನ್ನಿಂಗ್‌ಗಳು ಒಂಬತ್ತನೆಯ ಕ್ರಮಾಂಕದ ಬ್ಯಾಟರ್‌ನೊಂದಿಗೇ ಮುಗಿಯಬೇಕು. ನಾಲ್ಕನೆಯ ಮತ್ತು ಏಳನೆಯ ಇನ್ನಿಂಗ್‌ಗಳು ಮೊದಲ ಕ್ರಮಾಂಕದವನಿಂದಲೇ ಆರಂಭವಾಗಬೇಕು. ಏಳನೆಯ ಇನ್ನಿಂಗ್‌ನ ಆರಂಭಕ್ಕೆ ಎರಡನೆಯ ಕ್ರಮಾಂಕದವನು ಬ್ಯಾಟ್ ಹಿಡಿದು ನಿಂತಿದ್ದರೆ, ನೀವು ನೋಡದಿದ್ದಾಗ ಯಾರೋ ಒಬ್ಬ ಬೇಸ್ ತಲುಪಿದ್ದಾನೆ ಎಂದೇ ಅರ್ಥ.

ಈ ಉಪಾಯ ‘ಇಲ್ಲ’ ಎಂಬುದನ್ನು ಖಚಿತವಾಗಿ ಹೇಳುತ್ತದೆಯೇ ಹೊರತು ‘ಹೌದು’ ಎಂಬುದನ್ನಲ್ಲ. ವಾಕ್ ಪಡೆದವನು ಬೇಸ್ ಕದಿಯಲು, ಅಂದರೆ ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಲು, ಹೋಗಿ ಔಟಾದರೆ ಸರದಿ ಮತ್ತೆ ಸರಿಹೋಗುತ್ತದೆ. ಇದಕ್ಕೆ 1917ರ ಜೂನ್ 23ರ ಪಂದ್ಯಕ್ಕಿಂತ ಸೊಗಸಾದ ನಿದರ್ಶನ ಸಿಗಲಾರದು. ಅಂದು ಬಾಸ್ಟನ್ ರೆಡ್ ಸಾಕ್ಸ್‌ನ ಪಿಚರ್ ಆಗಿದ್ದವರು ಮುಂದೆ ಹೊಡೆತಗಾರನಾಗಿ ಜಗದ್ವಿಖ್ಯಾತರಾದ ಬೇಬ್ ರೂತ್. ವಾಷಿಂಗ್ಟನ್ ತಂಡದ ಮೊದಲ ಬ್ಯಾಟರ್‌ಗೇ ವಾಕ್ ಕೊಟ್ಟ ರೂತ್, ಅಂಪೈರ್ ಜತೆ ಜಗಳಕ್ಕಿಳಿದು ಮೈದಾನದಿಂದ ಹೊರಗಟ್ಟಿಸಿಕೊಂಡರು. ಅವಸರದಲ್ಲಿ ಕಣಕ್ಕಿಳಿದ ಅರ್ನಿ ಶೋರ್ ಎಸೆಯಲು ಆರಂಭಿಸಿದ ಕೂಡಲೇ ಆ ಓಟಗಾರ ಬೇಸ್ ಕದಿಯಲು ಹೋಗಿ ಔಟಾದ. ಉಳಿದ 26 ಮಂದಿಯನ್ನೂ ಶೋರ್ ಒಬ್ಬೊಬ್ಬರಾಗಿ ಔಟ್ ಮಾಡಿದರು. ಬಹುಕಾಲ ಪರ್ಫೆಕ್ಟ್ ಗೇಮ್ ಎಂದೇ ಎಣಿಸಲಾಗುತ್ತಿದ್ದ ಆ ಪಂದ್ಯ ಈಗ ರೂತ್ ಮತ್ತು ಶೋರ್ ಇಬ್ಬರ ಹೆಸರಿನ ಜಂಟಿ ನೋ-ಹಿಟ್ಟರ್. ಒಂದೂ ಔಟ್ ಗಳಿಸದ ಪಿಚರ್‌ಗೆ ನೋ-ಹಿಟ್ಟರ್‌ನಲ್ಲಿ ಪಾಲು ಸಿಕ್ಕಿದ್ದು ರೂತ್ ಅವರ ವಿಚಿತ್ರ ಭಾಗ್ಯ.

ಒಂಬತ್ತು ಎಸೆತಗಳ ಇನ್ನಿಂಗ್

ಇಡೀ ಪಂದ್ಯ ಕಾಯುವ ತಾಳ್ಮೆ ಇಲ್ಲದವರಿಗೆ ಐದೇ ನಿಮಿಷದಲ್ಲಿ ಮುಗಿಯುವ ಸಾಧನೆಯೊಂದಿದೆ. ಮೂವರು ಬ್ಯಾಟರ್‌ಗಳನ್ನು ತಲಾ ಮೂರೇ ಎಸೆತಗಳಲ್ಲಿ, ಒಟ್ಟು ಒಂಬತ್ತು ಎಸೆತಗಳಲ್ಲಿ ಸ್ಟ್ರೈಕೌಟ್ ಮಾಡುವುದಕ್ಕೆ ‘ಇಮ್ಯಾಕ್ಯುಲೇಟ್ ಇನ್ನಿಂಗ್’ ಎನ್ನುತ್ತಾರೆ. ಟಿವಿ ಪರದೆಯ ಮೂಲೆಯಲ್ಲಿ ಪಿಚರ್ ಈವರೆಗೆ ಎಸೆದ ಚೆಂಡುಗಳ ಸಂಖ್ಯೆ ಕಾಣುತ್ತಿರುತ್ತದೆ. ಇನ್ನಿಂಗ್ ಆರಂಭದಲ್ಲಿ ಅದನ್ನು ಗುರುತು ಹಾಕಿಕೊಂಡು, ಮೊದಲ ಇಬ್ಬರು ಆರು ಎಸೆತಗಳಲ್ಲಿ ಸ್ಟ್ರೈಕೌಟ್ ಆದರೆ ಎಚ್ಚರವಾಗಬೇಕು. ಮೊದಲೆರಡು ಸ್ಟ್ರೈಕ್‌ಗಳು ಫೌಲ್ ಹೊಡೆತಗಳಾಗಿದ್ದರೂ ನಡೆಯುತ್ತದೆ. ಎರಡು ಸ್ಟ್ರೈಕ್ ಆದ ಮೇಲಿನ ಸಾಮಾನ್ಯ ಫೌಲ್ ಮಾತ್ರ ಮೂರನೆಯ ಸ್ಟ್ರೈಕ್ ಎನಿಸುವುದಿಲ್ಲ, ಅಲ್ಲಿಗೆ ಲೆಕ್ಕ ಕೆಡುತ್ತದೆ.

ಡಾಡ್ಜರ್ಸ್‌ನ ಪಿಚರ್ ಸ್ಯಾಂಡಿ ಕೋಫಾಕ್ಸ್ ಇದನ್ನು ಮೂರು ಬಾರಿ ಸಾಧಿಸಿದ್ದರು. ಆದರೆ ಕೇಳಿದವರು ನಂಬದಂಥ ಪ್ರಸಂಗ ನಡೆದದ್ದು 2022ರ ಜೂನ್ 15ರಂದು. ಟೆಕ್ಸಸ್ ರೇಂಜರ್ಸ್ ವಿರುದ್ಧದ ಪಂದ್ಯದಲ್ಲಿ ಹ್ಯೂಸ್ಟನ್ ಆಸ್ಟ್ರೋಸ್‌ನ ಲೂಯಿಸ್ ಗಾರ್ಸಿಯಾ ಇಂಥ ಇನ್ನಿಂಗ್ ಎಸೆದರು; ಅದೇ ಪಂದ್ಯದಲ್ಲಿ, ಅದೇ ಮೂವರು ಬ್ಯಾಟರ್‌ಗಳ ಎದುರು, ಅದೇ ತಂಡದ ಫಿಲ್ ಮೇಟನ್ ಮತ್ತೊಂದನ್ನು ಎಸೆದರು. ಒಂದೇ ಪಂದ್ಯದಲ್ಲಿ ಎರಡು ಬಂದದ್ದು ಮೇಜರ್ ಲೀಗ್‌ನಲ್ಲಿ ಅದೇ ಮೊದಲು.

ಒಂದೇ ಇನ್ನಿಂಗ್‌ನಲ್ಲಿ ನಾಲ್ಕು ಸ್ಟ್ರೈಕೌಟ್ ಎಂದು ಎಲ್ಲಾದರೂ ಓದಿದರೆ ಅದನ್ನು ಅಚ್ಚಿನ ತಪ್ಪು ಎಂದುಕೊಳ್ಳಬೇಡಿ. ಮೊದಲ ಬೇಸ್ ಖಾಲಿ ಇದ್ದಾಗ ಅಥವಾ ಇಬ್ಬರು ಔಟಾಗಿದ್ದಾಗ, ಮೂರನೆಯ ಸ್ಟ್ರೈಕನ್ನು ಕ್ಯಾಚರ್ ಹಿಡಿಯದಿದ್ದರೆ ಬ್ಯಾಟರ್ ಓಡಿ ಬೇಸ್ ಸೇರಬಹುದು. ಸ್ಟ್ರೈಕೌಟ್ ಪಿಚರ್‌ನ ಖಾತೆಗೆ ಜಮೆಯಾಗುತ್ತದೆ, ಔಟ್ ಮಾತ್ರ ಸಿಗುವುದಿಲ್ಲ.

ಕೊನೆಯ ಮೂರು ಇನ್ನಿಂಗ್‌ಗಳು

ಏಳನೆಯ ಇನ್ನಿಂಗ್‌ನ ನಂತರ ಫಲಕದ ಜತೆಗೆ ತಂಡದ ಬೆಂಚನ್ನೂ ಗಮನಿಸಿ. ನೋ-ಹಿಟ್ಟರ್ ನಡೆಯುತ್ತಿರುವಾಗ ಪಿಚರ್‌ನನ್ನು ಮಾತನಾಡಿಸಿದರೆ ಅಪಶಕುನ ಎಂಬ ಹಳೆಯ ನಂಬಿಕೆಯಿಂದ ಸಹ ಆಟಗಾರರು ಆತನ ಪಕ್ಕ ಕೂರುವುದಿಲ್ಲ. ಪಿಚರ್ ಒಬ್ಬನೇ ಬೆಂಚಿನ ಮೂಲೆಯಲ್ಲಿ ಕುಳಿತಿರುವ ದೃಶ್ಯ ಕಂಡರೆ ವೀಕ್ಷಕ ವಿವರಣೆ ಅರ್ಥವಾಗದಿದ್ದರೂ ವಿಷಯ ಗೊತ್ತಾಗುತ್ತದೆ.

ಜತೆಗೆ ಎಸೆತಗಳ ಸಂಖ್ಯೆಯನ್ನೂ ನೋಡಬೇಕು. 1956ರ ಅಕ್ಟೋಬರ್ 8ರಂದು ಮೇಜರ್ ಲೀಗ್‌ನ ಪ್ರಶಸ್ತಿ ನಿರ್ಧರಿಸುವ ಸರಣಿಯಾದ ವರ್ಲ್ಡ್ ಸೀರೀಸ್‌ನ ಐದನೆಯ ಪಂದ್ಯದಲ್ಲಿ ಯಾಂಕೀಸ್‌ನ ಡಾನ್ ಲಾರ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ವಿರುದ್ಧ 97 ಎಸೆತಗಳಲ್ಲಿ ಪರ್ಫೆಕ್ಟ್ ಗೇಮ್ ಮುಗಿಸಿದ್ದರು. ವರ್ಲ್ಡ್ ಸೀರೀಸ್‌ನಲ್ಲಿ ಅದೊಂದೇ. ಇಂದಿನ ಮ್ಯಾನೇಜರ್‌ಗಳು ತೋಳಿನ ಗಾಯಕ್ಕೆ ಹೆದರಿ, ನೂರರ ಆಸುಪಾಸಿನಲ್ಲಿ, ಕೆಲವೊಮ್ಮೆ ಅದಕ್ಕೂ ಮೊದಲೇ, ಪಿಚರ್‌ನನ್ನು ಹಿಂದಕ್ಕೆ ಕರೆಯುತ್ತಾರೆ. 2022ರ ಏಪ್ರಿಲ್ 13ರಂದು ಕರ್ಷಾ ಅವರನ್ನು ಏಳು ಪರ್ಫೆಕ್ಟ್ ಇನ್ನಿಂಗ್‌ಗಳ ಬಳಿಕ 80 ಎಸೆತಗಳಿಗೇ ನಿಲ್ಲಿಸಲಾಯಿತು. ಅದೇ ತಿಂಗಳು ಜಪಾನ್‌ನಲ್ಲಿ ನಡೆದದ್ದು ಇನ್ನೂ ಕಠಿಣ. ಚಿಬಾ ಲೊಟ್ಟೆ ತಂಡದ 20 ವರ್ಷದ ರೋಕಿ ಸಸಾಕಿ ಏಪ್ರಿಲ್ 10ರಂದು ಸತತ 13 ಮಂದಿಯನ್ನೂ ಒಟ್ಟು 19 ಮಂದಿಯನ್ನೂ ಸ್ಟ್ರೈಕೌಟ್ ಮಾಡಿ, 1994ರ ನಂತರ ಜಪಾನ್‌ನ ವೃತ್ತಿಪರ ಲೀಗ್‌ನ ಮೊದಲ ಪರ್ಫೆಕ್ಟ್ ಗೇಮ್ ಎಸೆದರು. ಒಂದು ವಾರದ ಬಳಿಕ ಮತ್ತೆ ಎಂಟು ಇನ್ನಿಂಗ್‌ಗಳವರೆಗೆ ಯಾರನ್ನೂ ಬೇಸ್ ಮುಟ್ಟಲು ಬಿಡಲಿಲ್ಲ. 102 ಎಸೆತಗಳಾಗಿದ್ದವು, ಸ್ಕೋರ್ 0-0 ಇತ್ತು, ಅವರನ್ನು ಹೊರಕ್ಕೆ ಕರೆಯಲಾಯಿತು. ನೋಡುವವರಿಗೆ ಅನ್ಯಾಯವೆನಿಸಿದರೂ ಇಪ್ಪತ್ತರ ಹುಡುಗನ ತೋಳಿನ ದೃಷ್ಟಿಯಿಂದ ಅದು ಸರಿಯಾದ ನಿರ್ಧಾರವೆಂದೇ ನನ್ನ ಎಣಿಕೆ.

ಕೊನೆಯ ಬ್ಯಾಟರ್‌ವರೆಗೂ ಪೆನ್ನಿನಲ್ಲಿ ಬರೆಯದೆ ಪೆನ್ಸಿಲ್‌ನಲ್ಲಿ ಬರೆದುಕೊಳ್ಳುವುದು ಜಾಣತನ. 2015ರ ಜೂನ್ 20ರಂದು ವಾಷಿಂಗ್ಟನ್‌ನ ಮ್ಯಾಕ್ಸ್ ಶೆರ್ಜರ್ 26 ಮಂದಿಯನ್ನು ಔಟ್ ಮಾಡಿ, 27ನೆಯವನಿಗೆ ಎರಡು ಸ್ಟ್ರೈಕ್ ಎಸೆದ ಮೇಲೆ, ಚೆಂಡು ಆತನ ಮೊಣಕೈಗೆ ತಗುಲಿ ಪರ್ಫೆಕ್ಟ್ ಗೇಮ್ ಹೋಯಿತು, ನೋ-ಹಿಟ್ಟರ್ ಉಳಿಯಿತು. 2010ರ ಜೂನ್ 2ರಂದು ಡೆಟ್ರಾಯಿಟ್‌ನ ಅರ್ಮಾಂಡೊ ಗಲರಾಗ ಅವರಿಗೆ ಅದೂ ಉಳಿಯಲಿಲ್ಲ. 27ನೆಯ ಬ್ಯಾಟರ್ ಮೊದಲ ಬೇಸ್‌ನಲ್ಲಿ ಸ್ಪಷ್ಟವಾಗಿ ಔಟಾಗಿದ್ದರೂ ಅಂಪೈರ್ ಜಿಮ್ ಜಾಯ್ಸ್ ಸೇಫ್ ಎಂದು ಕೈ ಚಾಚಿದರು. ಗಲರಾಗ ಮುಗುಳ್ನಕ್ಕು ಮುಂದಿನವನನ್ನು ಔಟ್ ಮಾಡಿದರು. ರೀಪ್ಲೇ ನೋಡಿದ ಜಾಯ್ಸ್ ತಪ್ಪೊಪ್ಪಿಕೊಂಡು ಕ್ಷಮೆ ಕೇಳಿದರೂ ದಾಖಲೆ ಒಂದು ಹಿಟ್ ಎಂದೇ ನಿಂತಿತು. ಇಂಥ ತೀರ್ಪುಗಳನ್ನು ರೀಪ್ಲೇ ಮೂಲಕ ಪ್ರಶ್ನಿಸುವ ಅವಕಾಶ ಬಂದದ್ದು 2014ರಲ್ಲಿ.

ಪಂದ್ಯ ಮುಗಿದ ಮೇಲೆ

ಹಳೆಯ ಪಂದ್ಯಗಳ ಪಟ್ಟಿ ಪರಿಶೀಲಿಸುವವರು ನೋ-ಹಿಟ್ಟರ್‌ಗೆ ಮೇಜರ್ ಲೀಗ್ ಕೊಟ್ಟ 1991ರ ವ್ಯಾಖ್ಯಾನವನ್ನು ಕೈಯಲ್ಲಿಟ್ಟುಕೊಂಡಿರಬೇಕು: ಕನಿಷ್ಠ ಒಂಬತ್ತು ಇನ್ನಿಂಗ್ ಎಸೆದಿರಬೇಕು, ಪಂದ್ಯ ಹಿಟ್ ಇಲ್ಲದೆಯೇ ಮುಗಿದಿರಬೇಕು. ಇದರಿಂದ 1990ರ ಜುಲೈ 1ರಂದು ಯಾಂಕೀಸ್‌ನ ಆ್ಯಂಡಿ ಹಾಕಿನ್ಸ್ ಷಿಕಾಗೊದಲ್ಲಿ ಆಡಿದ ಪಂದ್ಯ ಪಟ್ಟಿಯಿಂದ ಬಿದ್ದುಹೋಯಿತು. ಅವರು ಒಂದೂ ಹಿಟ್ ಕೊಡದೆ, ವಾಕ್ ಮತ್ತು ಎರರ್‌ಗಳಿಂದ 4-0ಗೆ ಸೋತಿದ್ದರು. ಮುಂದಿದ್ದ ಆತಿಥೇಯ ತಂಡ ಒಂಬತ್ತನೆಯ ಇನ್ನಿಂಗ್ ಆಡುವ ಅಗತ್ಯವೇ ಇರಲಿಲ್ಲವಾದ್ದರಿಂದ ಅವರು ಎಸೆದದ್ದು ಎಂಟೇ ಇನ್ನಿಂಗ್.

ಅದೇ ವ್ಯಾಖ್ಯಾನ ಹಾರ್ವಿ ಹ್ಯಾಡಿಕ್ಸ್ ಅವರನ್ನೂ ಹೊರಗಿಟ್ಟಿತು. 1959ರ ಮೇ 26ರಂದು ಮಿಲ್ವಾಕಿಯಲ್ಲಿ ಪಿಟ್ಸ್‌ಬರ್ಗ್ ಪರವಾಗಿ ಅವರು ಸತತ 36 ಬ್ಯಾಟರ್‌ಗಳನ್ನು, ಅಂದರೆ 12 ಇನ್ನಿಂಗ್‌ಗಳನ್ನು, ನಿಷ್ಕಳಂಕವಾಗಿ ಮುಗಿಸಿದರು. ಅವರ ತಂಡ ಮಾತ್ರ ಒಂದೂ ರನ್ ಗಳಿಸಲಿಲ್ಲ. 13ನೆಯ ಇನ್ನಿಂಗ್‌ನಲ್ಲಿ ಮೊದಲು ಒಂದು ಎರರ್, ನಂತರ ತ್ಯಾಗದ ಹೊಡೆತ (ತಾನು ಔಟಾಗಿ ಓಟಗಾರನನ್ನು ಮುಂದಿನ ಬೇಸ್‌ಗೆ ಸಾಗಿಸುವುದು), ಬಳಿಕ ಹ್ಯಾಂಕ್ ಆರನ್‌ಗೆ ಬೇಕೆಂದೇ ಕೊಟ್ಟ ವಾಕ್, ಕೊನೆಗೆ ಜೋ ಆ್ಯಡ್‌ಕಾಕ್ ಬೇಲಿಯಾಚೆಗೆ ಬಾರಿಸಿದ ಚೆಂಡು. ಆರನ್ ಓಟದ ದಾರಿ ಬಿಟ್ಟದ್ದರಿಂದ ಅದು ಹೋಮ್ ರನ್ ಬದಲು ಎರಡು ಬೇಸ್‌ಗಳ ಹಿಟ್ ಎಂದಷ್ಟೇ ದಾಖಲಾಯಿತು. ಸ್ಕೋರ್ ಹಾಳೆ ಓದಲು ಕಲಿಯುವವರು ಈ ಪಂದ್ಯದ ಹಾಳೆಯನ್ನೇ ಮೊದಲು ಹುಡುಕಿ ನೋಡಬೇಕು. ಹ್ಯಾಡಿಕ್ಸ್ ಹೆಸರಿನ ಮುಂದೆ ಒಂದು ಹಿಟ್ ಮತ್ತು ಸೋಲು ಇರುತ್ತದೆ. ಮಿಲ್ವಾಕಿಯ ಲ್ಯೂ ಬರ್ಡೆಟ್ ಹೆಸರಿನ ಮುಂದೆ 12 ಹಿಟ್, ಶೂನ್ಯ ರನ್ ಮತ್ತು ಗೆಲುವು.