ಬಾಚಣಿಗೆ ತೊಳೆಯೋದು ಕಲಿಯೋಕೆ ನನಗೆ ಮೂರು ವರ್ಷ ಹಿಡಿಯಿತು

ಚಿತ್ರದುರ್ಗದಲ್ಲಿ ನನ್ನದು ಎರಡು ಕುರ್ಚಿಯ ಸಣ್ಣ ಪಾರ್ಲರ್. ಬಾಚಣಿಗೆಗೆ ಇಷ್ಟೊಂದು ತಲೆ ಕೆಡಿಸಿಕೊಳ್ತೀಯಲ್ಲ ಅಂತ ನಕ್ಕವರೇ ಜಾಸ್ತಿ. ಸಾಮಾನು ತಂದುಕೊಡುವ ಹುಡುಗನಂತೂ "ಮೇಡಂ, ಯುವಿ ಬಾಕ್ಸ್ ಇಟ್ಬಿಡಿ, ಮುಗೀತು" ಅಂದಿದ್ದ. ಅದು ನೇರಳಾತೀತ ಬೆಳಕಲ್ಲಿ ಕ್ರಿಮಿ ಕೊಲ್ಲುವ ಪೆಟ್ಟಿಗೆ. ಈಗ ನಮ್ಮ ಬೀದಿಯ ಇಬ್ಬರು ಪಾರ್ಲರ್‌ನವರೇ ಬಂದು ನಾನು ಬಾಚಣಿಗೆ ನೆನೆಸುವ ಬಕೆಟ್ ನೋಡಿಕೊಂಡು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾಗಿದ್ದು ಜಗಳದಿಂದ. ಖಾಯಂ ಬರುತ್ತಿದ್ದ ಒಬ್ಬರು ಮಗಳನ್ನು ಕರೆತಂದು, ಅವಳ ತಲೆಯಲ್ಲಿ ರೂಪಾಯಿ ಅಗಲಕ್ಕೆ ಕೂದಲು ಉದುರಿದ್ದನ್ನು ತೋರಿಸಿದರು. ಡಾಕ್ಟರು ಹುಳುಕಡ್ಡಿ ಅಂದಿದ್ದರಂತೆ. "ನಿಮ್ಮ ಬಾಚಣಿಗೆಯಿಂದಲೇ ಬಂದಿದ್ದು" ಅಂದರು. ಶಾಲೆಯಿಂದಲೂ ಬಂದಿರಬಹುದು. ಆದರೆ ಅವರು ಹೋದಮೇಲೆ ಬಾಚಣಿಗೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಹಲ್ಲಿನ ಬುಡದಲ್ಲಿ ಬೂದು ಬಣ್ಣದ ಜಿಡ್ಡು, ಅದರಲ್ಲಿ ಅಂಟಿಕೊಂಡ ತುಂಡು ಕೂದಲು, ಮೇಲೆ ಬೋರ್ ನೀರಿನ ಬಿಳಿ ಪೊರೆ. ವಾದ ಮಾಡಲಿಲ್ಲ ಅನ್ನೋದೇ ಸಮಾಧಾನ.

ಮೊದಲು ಕುದಿಸಿದೆ. ಪ್ಲಾಸ್ಟಿಕ್ ಬಾಚಣಿಗೆಗಳೆಲ್ಲ ಬಾಳೆಹಣ್ಣಿನ ಹಾಗೆ ಬಾಗಿದವು. ಆಮೇಲೆ ಬ್ಲೀಚಿಂಗ್ ಪೌಡರ್ ನೀರು. ಬಾಚಣಿಗೆ ಪರವಾಗಿಲ್ಲ, ಜೊತೆಗೆ ಹಾಕಿದ್ದ ಎರಡು ಸಾವಿರದ ಕತ್ತರಿಗೆ ತುಕ್ಕಿನ ಚುಕ್ಕೆ ಬಂತು. ಯುವಿ ಬಾಕ್ಸಿಗೆ ಸುಮಾರು 1800 ಕೊಟ್ಟೆ. ಆ ಬೆಳಕು ಎದುರಿಗೆ ಸಿಕ್ಕಿದ್ದಕ್ಕೆ ಮಾತ್ರ ತಾಗುತ್ತದೆ, ಹಲ್ಲಿನ ಸಂದಿನ ಜಿಡ್ಡಿಗೆ ಏನೂ ಮಾಡಲ್ಲ. ಈಗ ಅದರಲ್ಲಿ ಟವೆಲ್ ಮಡಚಿಡುತ್ತೇನೆ. ವಾಷಿಂಗ್ ಸೋಡಾ ಜಿಡ್ಡನ್ನು ಚೆನ್ನಾಗಿ ಬಿಡಿಸಿತು. ಆ ಖುಷಿಗೆ ನಾಲ್ಕು ರೌಂಡ್ ಬ್ರಷ್ಷನ್ನೂ ಅದ್ದಿದೆ. ಅವುಗಳ ನಡುವಿನ ಕೊಳವೆ ಅಲ್ಯೂಮಿನಿಯಂ. ಬೆಳಿಗ್ಗೆ ನೋಡಿದರೆ ಕಪ್ಪಗಾಗಿದ್ದವು. ಒಂದೊಂದಕ್ಕೆ ನಾನೂರರ ಮೇಲೆ ಕೊಟ್ಟಿದ್ದೆ. ಮನೆಯವರು ಆವತ್ತು ಒಂದು ಮಾತೂ ಆಡಲಿಲ್ಲ, ಅದೇ ಜಾಸ್ತಿ ನೋವಾಯ್ತು.

ಕೊನೆಗೆ ಪಾರ್ಲರ್‌ನವರೆಲ್ಲ ಇಟ್ಟುಕೊಳ್ಳುವ, ಕ್ರಿಮಿ ಕೊಲ್ಲುವ ಔಷಧಿ ನೀರಿಗೇ ಬಂದೆ. ಅದೂ ಒಂದು ವರ್ಷ ಸರಿಯಾಗಿ ಕೆಲಸ ಮಾಡಲಿಲ್ಲ. ಬಾಚಣಿಗೆ ಹಾಕಿದ ಸ್ವಲ್ಪ ಹೊತ್ತಿಗೆ ಜಾಡಿಯ ನೀರು ನೀರುಮಜ್ಜಿಗೆ ಥರ ಮಬ್ಬಾಗುತ್ತಿತ್ತು. ಬೋರ್ ನೀರಿನ ದೋಷ ಅಂದುಕೊಂಡೆ. ಕ್ಯಾನ್ ನೀರು ಹಾಕಿದರೂ ಅದೇ ಕಥೆ. ಒಂದಿನ ಮಗನ ಕೈಲಿ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿಸಿದೆ. ಕ್ವಾಟರ್ನರಿ ಅಮೋನಿಯಂ ಅಂತಿತ್ತು, ಅದೊಂದು ಕ್ರಿಮಿನಾಶಕ. ಸೋಪು ತಾಗಿದರೆ ಅದರ ಶಕ್ತಿ ಸತ್ತುಹೋಗುತ್ತದಂತೆ. ನಾನು ಸೋಪಿನಲ್ಲಿ ಉಜ್ಜಿ, ಸುಮ್ನೆ ಒಮ್ಮೆ ಜಾಲಿಸಿ, ನೊರೆ ಸಮೇತ ಅದ್ದುತ್ತಿದ್ದೆ. ಔಷಧಿ ದುಡ್ಡೆಲ್ಲ ಸೋಪಿಗೇ ಹೋಗಿತ್ತು.

ಈಗ ಮೊದಲು ಒಣಗಿದ್ದಾಗಲೇ ಕೂದಲು ಕೀಳುತ್ತೇನೆ. ಆಮೇಲೆ ಬಿಸಿ ನೀರು, ವಾಷಿಂಗ್ ಸೋಡಾ, ಕಾಲು ಗಂಟೆ. ಚಳಿಗಾಲದಲ್ಲಿ ತಣ್ಣೀರು ಹಾಕಲೇಬೇಡಿ. ತೆಂಗಿನೆಣ್ಣೆ 24 ಡಿಗ್ರಿ ಕೆಳಗೆ ಗಟ್ಟಿಯಾಗುತ್ತೆ, ಜಿಡ್ಡು ಅಲ್ಲೇ ಕೂರುತ್ತೆ. ಬ್ರಷ್ಷಲ್ಲಿ ಉಜ್ಜಿ, ಮೂರು ಸಲ ಜಾಲಿಸಿ, ನೀರು ಝಾಡಿಸಿ, ಆಮೇಲಷ್ಟೇ ಔಷಧಿ ನೀರು, ಹತ್ತು ನಿಮಿಷ. ನೀರು ದಿನಾ ಹೊಸದು. ತೆಗೆದ ಮೇಲೆ ಒದ್ದೆ ಬಾಚಣಿಗೆಯನ್ನು ಡ್ರಾಯರಿಗೆ ಹಾಕುವುದಿಲ್ಲ, ಪೂರ್ತಿ ಒಣಗಬೇಕು. ಅದಕ್ಕೇ ಮೂರು ಸೆಟ್ ಮಾಡಿದ್ದು. ಬುಡದ ಜಿಡ್ಡು ಕೀಳಲು ನಾನು ಬಳಸೋದು ಅಡುಗೆಮನೆಯ ಒಂದು ಸಾಮಾನು. ಅದೇನು ಅಂತ ಹೇಳಲ್ಲ, ಇಬ್ಬರು ಪಾರ್ಲರ್‌ನವರಿಗೂ ಹೇಳಿಲ್ಲ.

ಮಧ್ಯೆ ಅಂಟುವಾಳಕಾಯಿ ಪ್ರಯೋಗವೂ ಆಯ್ತು. ಜಿಡ್ಡು ಬಿಟ್ಟಿತು, ಬಿಳಿ ಬಾಚಣಿಗೆಗಳು ಮಾತ್ರ ಟೀ ಬಣ್ಣಕ್ಕೆ ತಿರುಗಿದವು. ಬೇವಿನ ಮರದ ಬಾಚಣಿಗೆ ನೆನೆಸಿದ್ದಕ್ಕೆ ಹಲ್ಲು ಸೀಳಿತು. ಈಗ ಮರದ್ದು ಪಾರ್ಲರಿನಲ್ಲಿ ಇಡೋದೇ ಇಲ್ಲ. ಹೇನಿನ ಬಾಚಣಿಗೆ ಬೇರೆ ಡಬ್ಬಿಯಲ್ಲಿ. ಕೈ ಇಡಲಾಗದಷ್ಟು ಬಿಸಿ ನೀರಲ್ಲಿ ಹತ್ತು ನಿಮಿಷ ಹಾಕಿ, ಒಣಗಿಸಿ, ಮೂರು ದಿನ ಮುಟ್ಟಲ್ಲ. ತಲೆ ಬಿಟ್ಟ ಹೇನು ಎರಡು ದಿನಕ್ಕಿಂತ ಹೆಚ್ಚು ಬದುಕಲ್ಲ ಅಂತ ಗೊತ್ತಿದ್ದರೂ ಒಂದು ದಿನ ಹೆಚ್ಚಿಗೆ, ನನ್ನ ಮನಸ್ಸಿನ ಸಮಾಧಾನಕ್ಕೆ.

ತಲೆಹೊಟ್ಟು ಹೋಗುತ್ತಾ ಅಂತ ಕೇಳಬೇಡಿ. ಅದಕ್ಕೆ ಕಾರಣವಾಗುವ ಯೀಸ್ಟ್ ಎಲ್ಲರ ತಲೆಯಲ್ಲೂ ಇರುತ್ತೆ. ಆದರೆ ಮೊದಲು ತಿಂಗಳಿಗೆ ಮೂರ್ನಾಲ್ಕು ಜನ "ಇಲ್ಲಿಂದ ಹೋದಮೇಲೆ ತಲೆ ತುರಿಸುತ್ತೆ" ಅನ್ನುತ್ತಿದ್ದರು. ಈ ವರ್ಷ ಒಬ್ಬರೋ ಇಬ್ಬರೋ ಅಂದಿರಬೇಕು. ಖರ್ಚು ತಿಂಗಳಿಗೆ ಮುನ್ನೂರು, ಮುನ್ನೂರೈವತ್ತು.

ಪ್ಯಾಡಲ್ ಬ್ರಷ್ ಮಾತ್ರ ಇನ್ನೂ ನನ್ನ ಕೈಗೆ ಬಗ್ಗಿಲ್ಲ. ರಬ್ಬರ್ ಮೆತ್ತೆಯಲ್ಲಿ ಗಾಳಿಗೆ ಅಂತ ಒಂದು ಸಣ್ಣ ತೂತಿರುತ್ತಲ್ವಾ, ಅದರಲ್ಲಿ ನೀರು ಒಳಗೆ ಇಳಿಯುತ್ತೆ. ಹೋದ ವಾರ ಒಂದನ್ನು ಹಿಂಡಿದೆ. ಕಪ್ಪು ನೀರು ಬಂತು, ಮುಗ್ಗಲು ವಾಸನೆ. ಈಗ ಅದ್ದುವುದಿಲ್ಲ, ನೊರೆ ಬಟ್ಟೆಯಲ್ಲಿ ಒರೆಸಿ, ಒದ್ದೆ ಬಟ್ಟೆಯಲ್ಲಿ ನೊರೆ ತೆಗೆದು, ಹಲ್ಲು ಕೆಳಗೆ ಮಾಡಿ ನೇತುಹಾಕುತ್ತೇನೆ. ಆರು ತಿಂಗಳಿಗೊಮ್ಮೆ ಕಸಕ್ಕೆ.