ದೇಣಿಗೆ ಸಂಗ್ರಹ ಎಷ್ಟು ಫಲ ಕೊಟ್ಟಿತು: ಲೆಕ್ಕ ಹಾಕುವ ಬಗೆ

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ವಸತಿನಿಲಯವನ್ನೋ ವೃದ್ಧಾಶ್ರಮವನ್ನೋ ನಡೆಸುವ ಸಣ್ಣ ಟ್ರಸ್ಟುಗಳ ವಾರ್ಷಿಕ ವರದಿಯಲ್ಲಿ ಸಂಗ್ರಹವಾದ ಮೊತ್ತ ದಪ್ಪಕ್ಷರದಲ್ಲಿರುತ್ತದೆ. ಅದನ್ನು ಸಂಗ್ರಹಿಸಲು ಆದ ಖರ್ಚನ್ನು ಹುಡುಕಬೇಕಾಗುತ್ತದೆ. ಅಳತೆಯನ್ನು ಆ ಖರ್ಚಿನಿಂದಲೇ ಆರಂಭಿಸಬೇಕು.

ಪ್ರತಿಯೊಂದು ವಿಧಾನಕ್ಕೂ ಲೆಕ್ಕದ ಪುಸ್ತಕದಲ್ಲಿ ಬೇರೆ ಪುಟವಿರಲಿ. ಖರ್ಚನ್ನು ಸಂಗ್ರಹದಿಂದ ಭಾಗಿಸಿದರೆ ಒಂದು ರೂಪಾಯಿಗೆ ಎಷ್ಟು ಪೈಸೆ ವೆಚ್ಚವಾಯಿತೆಂದು ತಿಳಿಯುತ್ತದೆ. ಉದಾಹರಣೆಗೆ, ಸಂಗೀತ ಸಂಜೆಯಿಂದ 3 ಲಕ್ಷ ರೂಪಾಯಿ ಬಂದು, ಶಾಮಿಯಾನ, ಮೈಕು, ಊಟ, ಕಲಾವಿದರ ಸಂಭಾವನೆಗೆ 1.80 ಲಕ್ಷ ಹೋದರೆ ವೆಚ್ಚ 60 ಪೈಸೆ; ಹಳೆಯ ದಾನಿಗಳಿಗೆ ಪತ್ರ ಬರೆದು, ಫೋನ್ ಮಾಡಿ 90 ಸಾವಿರ ಪಡೆಯಲು 4,500 ಖರ್ಚಾದರೆ ಕೇವಲ 5 ಪೈಸೆ. ಸಿಬ್ಬಂದಿ ಈ ಕೆಲಸಕ್ಕೆ ಕೊಟ್ಟ ದಿನಗಳ ಸಂಬಳವನ್ನೂ ಸೇರಿಸದಿದ್ದರೆ ಎರಡೂ ಲೆಕ್ಕ ಸುಳ್ಳಾಗುತ್ತವೆ.

ಹಾಗೆಂದು ಸಂಗೀತ ಸಂಜೆಯನ್ನು ಕೂಡಲೇ ಕೈಬಿಡುವುದು ಅವಸರವಾದೀತು, ಏಕೆಂದರೆ ಇಂದಿನ ಹಳೆಯ ದಾನಿಗಳಲ್ಲಿ ಹಲವರು ಇಂಥದೇ ಕಾರ್ಯಕ್ರಮದಲ್ಲಿ ಮೊದಲ ಸಲ ರಸೀದಿ ಹರಿಸಿದವರಾಗಿರಬಹುದು. ಆದ್ದರಿಂದ ಅಲ್ಲಿ ಹೊಸದಾಗಿ ಕೊಟ್ಟವರ ಹೆಸರುಗಳನ್ನು ಬೇರೆಯಾಗಿ ಬರೆದಿಟ್ಟು, ಮುಂದಿನ ಎರಡು ವರ್ಷ ಅವರಲ್ಲಿ ಎಷ್ಟು ಮಂದಿ ಮತ್ತೆ ಕೊಟ್ಟರೆಂದು ನೋಡಬೇಕು; ನೂರರಲ್ಲಿ ನಲವತ್ತು ಮಂದಿ ಮರಳಿದರೆ ಉಳಿಕೆ ಶೇ 40. ನನ್ನ ದೃಷ್ಟಿಯಲ್ಲಿ ಉಳಿದೆಲ್ಲ ಅಂಕಿಗಳಿಗಿಂತ ಇದು ಮುಖ್ಯ. 80ಜಿ ಮಾನ್ಯತೆಯುಳ್ಳ, ಅಂದರೆ ದಾನಿಗಳಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ದೊರೆಯುವ ಸಂಸ್ಥೆಗಳು 2021-22ನೇ ಸಾಲಿನಿಂದ ಆದಾಯ ತೆರಿಗೆ ಇಲಾಖೆಗೆ 10ಬಿಡಿ ನಮೂನೆಯಲ್ಲಿ ದಾನಿಗಳ ವಿವರ ಸಲ್ಲಿಸುತ್ತಿರುವುದರಿಂದ, ಎರಡು ವರ್ಷಗಳ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟರೆ ಅರ್ಧ ಕೆಲಸ ಮುಗಿದಂತೆ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ 80ಜಿ ವಿನಾಯಿತಿ ಇಲ್ಲದ ಕಾರಣ, ವಿನಾಯಿತಿ ಬಯಸುವವರ ದೊಡ್ಡ ಮೊತ್ತಗಳು ಬ್ಯಾಂಕಿನ ಮೂಲಕವೇ ಬರುತ್ತವೆ, ಗುರುತಿಸುವುದು ಸುಲಭ.

ಸಿಂಧನೂರು, ಕಾರಟಗಿ, ಗಂಗಾವತಿ ಕಡೆ ದೇಣಿಗೆ ನೆಲ್ಲಿನ (ಭತ್ತದ) ಚೀಲಗಳ ರೂಪದಲ್ಲಿಯೂ ಬರುತ್ತದೆ. ಚೀಲಗಳು ಬಂದ ದಿನದ ಎಪಿಎಂಸಿ ಧಾರಣೆಯಲ್ಲಿ ಬೆಲೆ ಕಟ್ಟಿ, ಹಮಾಲಿಯನ್ನೂ ಲಾರಿ ಬಾಡಿಗೆಯನ್ನೂ ಖರ್ಚಿಗೆ ಹಾಕಬೇಕು. ಇಲ್ಲಿ ತಿಂಗಳಿಂದ ತಿಂಗಳಿಗೆ ಹೋಲಿಸುವುದರಲ್ಲಿ ಅರ್ಥವಿಲ್ಲ. ಸುಗ್ಗಿಯಿಂದ ಸುಗ್ಗಿಗೆ ಹೋಲಿಸಬೇಕು. ತುಂಗಭದ್ರಾ ಕಾಲುವೆಯ ನೀರು ಎರಡನೇ ಬೆಳೆಗೆ ದೊರೆಯದ ವರ್ಷ ಸಂಗ್ರಹ ಇಳಿದರೆ ಅದು ಸಂಗ್ರಹಿಸುವವರ ತಪ್ಪಲ್ಲವೆಂದು ಷರಾ ಬರೆದಿಡುವುದು ನ್ಯಾಯ.

ಬಳ್ಳಾರಿ ಸೀಮೆಯ ಉಕ್ಕು, ಗಣಿ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಯೆಂದು ಕೊಡುವ ಸಿಎಸ್‌ಆರ್ ಹಣವನ್ನು ಈ ಯಾವ ಲೆಕ್ಕಕ್ಕೂ ಬೆರೆಸಬಾರದು. ಅಂಥ ಒಂದೇ ಚೆಕ್ಕು ಸರಾಸರಿಯನ್ನು ಮೇಲಕ್ಕೆತ್ತಿ, ನೂರಾರು ಸಣ್ಣ ದಾನಿಗಳು ದೂರ ಸರಿದಿರುವುದನ್ನು ಮರೆಮಾಚಬಲ್ಲದು.