ನೀರಿಗಿಂತ ಮೊದಲು ಅಂಕಿ ಮುಟ್ಟಬೇಕು

ನಾನು ಕೇಂದ್ರ ಜಲ ಆಯೋಗದಲ್ಲಿ ಎಂಜಿನಿಯರ್. ಕಚೇರಿ ಪುಣೆಯಲ್ಲಿ, ಕೆಲಸ ಮೇಲಿನ ಕೃಷ್ಣೆಯ ಪ್ರವಾಹ ಮುನ್ಸೂಚನೆ. ಚಿಕ್ಕೋಡಿ ಕಡೆ ಹೋದಾಗಲೆಲ್ಲ ಜನ ಕೇಳುವುದು ಒಂದೇ ಪ್ರಶ್ನೆ: "ಗೇಟ್ ಎತ್ತೋರು ನೀವ ಏನ್ರಿ?" ಅಲ್ಲ. ಸಂವಿಧಾನದ ಪ್ರಕಾರ ನೀರು ರಾಜ್ಯಪಟ್ಟಿಯ ವಿಷಯ. ಕೊಯ್ನಾ ಅಣೆಕಟ್ಟಿನ ಗೇಟ್ ಮಹಾರಾಷ್ಟ್ರದವರು ಎತ್ತುತ್ತಾರೆ, ಆಲಮಟ್ಟಿಯದು ಕರ್ನಾಟಕದವರು. ಎಷ್ಟು ನೀರು, ಎಲ್ಲಿಗೆ, ಎಷ್ಟು ಹೊತ್ತಿಗೆ ಬರುತ್ತದೆ ಅಂತ ಮುಂಚೆಯೇ ಹೇಳುವುದು ನಮ್ಮ ಪಾಲಿನ ಕೆಲಸ. ಸುದ್ದಿ ಆರು ತಾಸು ಮೊದಲು ಮುಟ್ಟಿದರೆ ಹೊಳೆ ದಂಡೆಯ ಮನೆಯವರು ದನಕರು ಹೊಡೆದುಕೊಂಡು, ಕಾಳು ಕಡಿ ಕಟ್ಟಿಕೊಂಡು ಹೊರಡಬಹುದು. ಒಂದು ತಾಸು ಮೊದಲು ಮುಟ್ಟಿದರೆ ಉಟ್ಟ ಬಟ್ಟೆಯಲ್ಲೇ ಹೊರಡಬೇಕು.

ದೇಶದಲ್ಲಿ ಈ ಕೆಲಸ ಶುರುವಾಗಿದ್ದು 1958ರಲ್ಲಿ, ದೆಹಲಿಯ ಹಳೇ ರೈಲ್ವೆ ಸೇತುವೆ ಹತ್ತಿರ, ಯಮುನೆಗೆ. ಈಗ 300ಕ್ಕೂ ಹೆಚ್ಚು ಕಡೆ ಮುನ್ಸೂಚನೆ ಕೊಡುತ್ತೇವೆ. ಬ್ರಹ್ಮಪುತ್ರದಲ್ಲಿ ಮೇ 1ಕ್ಕೇ ಹಂಗಾಮು ಶುರು. ಕಾವೇರಿಯ ಕಡೆಯವರಿಗೆ ಹಿಂಗಾರು ಮಳೆಯೂ ಸೇರಿ ಡಿಸೆಂಬರ್ 31ರ ತನಕ ಬಿಡುವಿಲ್ಲ. ನಮ್ಮ ಕೃಷ್ಣೆಗೆ ಜೂನ್ 1ರಿಂದ ಅಕ್ಟೋಬರ್ 31.

ಆದರೆ ನನ್ನ ಲೆಕ್ಕದಲ್ಲಿ ಮುಖ್ಯವಾದ ವಾರಗಳು ಮೇ ತಿಂಗಳಿನವು. ಆಗ ಹೊಳೆಯಲ್ಲಿ ನೀರೇ ಇರುವುದಿಲ್ಲ, ದಂಡೆ ಇಳಿದು ಓಡಾಡಬಹುದು. ದಂಡೆಯುದ್ದಕ್ಕೂ ಮೇಲಿಂದ ಕೆಳಗೆ ನೀರಿನ ಮಟ್ಟ ಓದುವ ಗೇಜ್ ಕಂಬ ನೆಟ್ಟಿರುತ್ತೇವೆ. ಕಳೆದ ವರ್ಷ ತೇಲಿ ಬಂದ ಮರದ ಬೊಡ್ಡೆ ಬಡಿದು ಒಂದೆರಡು ಕಂಬ ವಾಲಿರುತ್ತವೆ, ಅಂಕಿ ಮೇಲಿನ ಬಣ್ಣ ಹೋಗಿರುತ್ತದೆ. ಎತ್ತರ ಮೊದಲೇ ಅಳೆದಿಟ್ಟ ಬೆಂಚ್ ಮಾರ್ಕ್‌ನಿಂದ ಲೆವೆಲ್ (ಎತ್ತರ ಅಳೆಯುವ ಉಪಕರಣ) ಹಿಡಿದು, ಪ್ರತಿ ಕಂಬದ ಸೊನ್ನೆ ಸಮುದ್ರಮಟ್ಟದಿಂದ ಎಷ್ಟು ಮೇಲಿದೆ ಅಂತ ತಾಳೆ ನೋಡುತ್ತೇವೆ. ಬೇಜಾರಿನ ಕೆಲಸ, ಬಿಸಿಲು ಬೇರೆ. ಆದರೂ ಇದನ್ನು ನಾನು ಬೇರೆಯವರಿಗೆ ಬಿಡುವುದಿಲ್ಲ. ಕಾರಣ ಇದೆ. ನೀರಿನ ಮಟ್ಟದ ಮುನ್ಸೂಚನೆ ಸರಿ ಅನ್ನಿಸಿಕೊಳ್ಳಬೇಕಾದರೆ 15 ಸೆಂ.ಮೀ. ಹೆಚ್ಚು ಕಡಿಮೆ ಆಗಬಹುದು, ಅಷ್ಟೇ. ಕಂಬವೇ 5 ಸೆಂ.ಮೀ. ಕುಸಿದಿದ್ದರೆ ಅದರಲ್ಲಿ ಮೂರನೇ ಒಂದು ಪಾಲು ಅಲ್ಲೇ ಹೋಯಿತಲ್ಲ!

ಈಗ ಸೇತುವೆಗಳಿಗೆ ರಾಡಾರ್ ಸೆನ್ಸರ್ ಕಟ್ಟಿದ್ದೇವೆ. ಅಂಕಿ ಉಪಗ್ರಹದ ಮೂಲಕ ತಾನಾಗಿ ಕಚೇರಿಗೆ ಬರುತ್ತದೆ. ಹಾಗಿದ್ದಮೇಲೆ ಗೇಜ್ ಓದಲು ಮನುಷ್ಯ ಯಾಕೆ ಅಂತ ಹೊಸದಾಗಿ ಬಂದ ಹುಡುಗರು ಕೇಳುತ್ತಾರೆ. ವಾರಗಟ್ಟಲೆ ಬಿಸಿಲು ಕಾಣದಿದ್ದಾಗ ಸೋಲಾರ್ ಬ್ಯಾಟರಿ ಕೈಕೊಡುತ್ತದೆ. ಮಳೆ ಅಳೆಯುವ ಡಬ್ಬಿಯೊಳಗೆ ಜೇಡ ಬಲೆ ಕಟ್ಟಿರುತ್ತದೆ, ಇಲ್ಲವೇ ಎಲೆ ಸಿಕ್ಕಿಕೊಂಡಿರುತ್ತದೆ. ಘಾಟಿನಲ್ಲಿ ಧೋ ಎಂದು ಸುರಿಯುತ್ತಿದ್ದರೂ ಪರದೆ ಮೇಲೆ ಸೊನ್ನೆ. ಅಂಥ ರಾತ್ರಿ ಟಾರ್ಚ್ ಹಿಡಿದು ತಾಸಿಗೊಮ್ಮೆ ದಂಡೆಗೆ ಇಳಿಯುವ ನಮ್ಮ ಸೈಟ್ ಸಿಬ್ಬಂದಿ ಇಲ್ಲದಿದ್ದರೆ ನಾವು ಕುರುಡರೇ. ಇವರ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಬರಬೇಕಿತ್ತು.

ಜುಲೈ ಎರಡನೇ ವಾರದಿಂದ ಪಾಳಿ ಶುರು. ಬೆಳಿಗ್ಗೆ ಮೊದಲು ನೋಡುವುದು ಮಹಾಬಳೇಶ್ವರ, ಕೊಯ್ನಾನಗರದ ಮಳೆ. 2021ರ ಜುಲೈನಲ್ಲಿ ಮಹಾಬಳೇಶ್ವರದಲ್ಲಿ ಒಂದೇ ದಿನಕ್ಕೆ 590 ಮಿ.ಮೀ.ಗೂ ಜಾಸ್ತಿ ಸುರಿದಿತ್ತು. ಎಷ್ಟೋ ಊರುಗಳಿಗೆ ಅದು ಇಡೀ ವರ್ಷದ ಮಳೆ. ಆಮೇಲೆ ಹೊಳೆ ಹಿಡಿದು ಕೆಳಗೆ ಬರುತ್ತೇನೆ. ಕರಾಡದಲ್ಲಿ ಕೊಯ್ನಾ ಬಂದು ಸೇರುತ್ತದೆ, ಸಾಂಗ್ಲಿ ಹತ್ತಿರ ವಾರಣಾ, ನರಸೋಬಾವಾಡಿಯಲ್ಲಿ ಪಂಚಗಂಗಾ. ಗಡಿ ದಾಟಿದ ಮೇಲೆ ವೇದಗಂಗೆಯನ್ನು ಒಳಗೆ ಹಾಕಿಕೊಂಡ ದೂಧಗಂಗಾ. ಒಂದೊಂದರ ನೀರು ಒಂದೊಂದು ಹೊತ್ತಿಗೆ ಬಂದರೆ ಹೊಳೆ ಹೇಗೋ ಸಾಗಿಸಿಕೊಂಡು ಹೋಗುತ್ತದೆ. ಎಲ್ಲವೂ ಒಟ್ಟಿಗೆ ಬಂದರೆ 2019ರ ಆಗಸ್ಟ್. ಆಗ ಸಾಂಗ್ಲಿಯ ಇರ್ವಿನ್ ಸೇತುವೆ ಹತ್ತಿರ ನೀರು 57 ಅಡಿ ಮುಟ್ಟಿತ್ತು. ಅಲ್ಲಿ ಅಪಾಯದ ಮಟ್ಟ 45 ಅಡಿ.

ಅಡಿ ಅಂದೆ. ನಮ್ಮ ಕೆಲಸದ ದೊಡ್ಡ ತಲೆನೋವು ಇದೇ. ಸಾಂಗ್ಲಿ, ಕೊಲ್ಹಾಪುರದವರು ಅಡಿಯಲ್ಲಿ ಮಾತಾಡುತ್ತಾರೆ. ನಮ್ಮ ಬುಲೆಟಿನ್ ಸಮುದ್ರಮಟ್ಟದಿಂದ ಮೀಟರ್‌ನಲ್ಲಿ. ಅಣೆಕಟ್ಟಿನವರದು ಟಿಎಂಸಿ (ನೂರು ಕೋಟಿ ಘನ ಅಡಿ), ಗೇಟಿನವರದು ಕ್ಯೂಸೆಕ್ (ಸೆಕೆಂಡಿಗೆ ಒಂದು ಘನ ಅಡಿ), ನಮ್ಮ ಲೆಕ್ಕದ ಹಾಳೆಯಲ್ಲಿ ಕ್ಯೂಮೆಕ್ (ಸೆಕೆಂಡಿಗೆ ಒಂದು ಘನ ಮೀಟರ್). ಇಷ್ಟು ದಾಟಿ ಜಿಲ್ಲಾಡಳಿತಕ್ಕೆ, ಅಲ್ಲಿಂದ ಪಂಚಾಯಿತಿಗೆ ಹೋಗಬೇಕು. ಒಂದು ಸಲ ಯಡೂರ ಕಡೆಯ ರೈತರೊಬ್ಬರು ನನ್ನ ಬುಲೆಟಿನ್ ಹಾಳೆ ಕೈಯಲ್ಲಿ ಹಿಡಿದು ಹೇಳಿದರು: "ಸಾಹೇಬ್ರ, ಈ ಮೀಟರ್ ನಮಗ ತಿಳಿಯಂಗಿಲ್ರಿ. ಸೇತುವಿ ಮ್ಯಾಲ ನೀರು ಯಾವಾಗ ಬರ್ತೈತಿ, ಅಷ್ಟ ಹೇಳ್ರಿ."

ಅವರು ಕೇಳಿದ್ದು ಸರಿ ಇತ್ತು. ಕಲ್ಲೋಳ-ಯಡೂರ, ಮಲಿಕವಾಡ-ದತ್ತವಾಡ, ಕಾರದಗಾ-ಭೋಜ, ಇಂಥ ತಗ್ಗು ಸೇತುವೆಗಳು ಹೆಚ್ಚುಕಡಿಮೆ ಪ್ರತಿ ಮಳೆಗಾಲದಲ್ಲೂ ಮುಳುಗುತ್ತವೆ. ಮುಳುಗಿದ ದಿನ ಶಾಲೆ, ಆಸ್ಪತ್ರೆ, ಹಾಲಿನ ಡೇರಿ ಎಲ್ಲಕ್ಕೂ ಸುತ್ತು ದಾರಿ. ಮುಂದಿನ ಬೇಸಿಗೆಯಲ್ಲಿ ಲೆವೆಲ್ ತಗೊಂಡು ಸೇತುವೆ ಸೇತುವೆಗೆ ಹೋದೆವು. ಪ್ರತಿ ಸೇತುವೆಯ ರಸ್ತೆ ಸಮುದ್ರಮಟ್ಟದಿಂದ ಎಷ್ಟು ಎತ್ತರ, ಹತ್ತಿರದ ನಮ್ಮ ಗೇಜಿನಲ್ಲಿ ಎಷ್ಟಾದಾಗ ಅಲ್ಲಿ ನೀರು ಹತ್ತುತ್ತದೆ ಅಂತ ಒಂದು ಪಟ್ಟಿ ಮಾಡಿದೆವು. ಈಗ ಬುಲೆಟಿನ್ ಜೊತೆ ತಹಶೀಲ್ದಾರರಿಗೆ ಎರಡು ಸಾಲು ಕನ್ನಡದಲ್ಲಿ ಹೋಗುತ್ತದೆ. 'ಇಂಥ ಸೇತುವೆ, ಇವತ್ತು ರಾತ್ರಿ ಸುಮಾರು ಇಷ್ಟು ಹೊತ್ತಿಗೆ.' ಊರಲ್ಲಿ ಡಂಗುರ ಸಾರುವವರಿಗೂ ಅಷ್ಟೇ ಸಾಕು. ನಾನು ಮಾಡಿದ ಕೆಲಸಗಳಲ್ಲಿ ಜನಕ್ಕೆ ಹೆಚ್ಚು ಉಪಯೋಗಕ್ಕೆ ಬಂದಿದ್ದು ಈ ಪಟ್ಟಿ ಅಂತ ನನ್ನ ನಂಬಿಕೆ.

ಆಗಸ್ಟ್ ಬಂದರೆ ಆಲಮಟ್ಟಿಯದೇ ಮಾತು. ಜಲಾಶಯದ ಪೂರ್ಣ ಮಟ್ಟ 519.60 ಮೀಟರ್, ಆಗ ಒಳಗಿರುವ ನೀರು 123 ಟಿಎಂಸಿ. ಕೇಳಲು ದೊಡ್ಡದು. ಆದರೆ 1 ಲಕ್ಷ ಕ್ಯೂಸೆಕ್ ಒಂದು ದಿನ ಹರಿದರೆ 8.64 ಟಿಎಂಸಿ ಆಗುತ್ತದೆ. 4 ಲಕ್ಷ ಬಂದರೆ ದಿನಕ್ಕೆ ಮೂವತ್ತನಾಲ್ಕೂವರೆ. 20 ಟಿಎಂಸಿ ಜಾಗ ಖಾಲಿ ಇಟ್ಟುಕೊಂಡಿದ್ದರೂ, ಗೇಟ್ ಮುಚ್ಚಿದ್ದರೆ ಹದಿನಾಲ್ಕು ತಾಸಿನಲ್ಲಿ ತುಂಬಿಹೋಗುತ್ತದೆ. "ಅಷ್ಟು ದೊಡ್ಡ ಡ್ಯಾಂ ಇದೆ, ತಡೆದು ನಿಲ್ಲಿಸಬಾರದಾ?" ಅನ್ನುವವರಿಗೆ ನಾನು ಈ ಲೆಕ್ಕ ಬರೆದು ತೋರಿಸುತ್ತೇನೆ. 2019ರಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ಬಿಡಬೇಕಾಯಿತು. ಮೇಲಿನವರು ಜಾಸ್ತಿ ಬಿಡಿ ಅನ್ನುತ್ತಾರೆ. ಜಾಸ್ತಿ ಬಿಟ್ಟರೆ ನಾರಾಯಣಪುರದ ಕೆಳಗೆ ಶೀಲಹಳ್ಳಿ ಸೇತುವೆ ಮುಳುಗಿ ಲಿಂಗಸುಗೂರು ತಾಲ್ಲೂಕಿನ ನಡುಗಡ್ಡೆ ಜನಕ್ಕೆ ದಾರಿ ಬಂದ್. ಅತ್ತ ದೇವದುರ್ಗದ ಹೂವಿನಹೆಡಗಿ ಸೇತುವೆಗೂ ಅದೇ ಪಾಡು. ಎರಡೂ ಕಡೆಯವರ ಸಂಕಟ ನಿಜ. ಅದಕ್ಕೇ ಗೇಟ್ ಎಷ್ಟು ಎತ್ತಬೇಕು ಅನ್ನುವುದಕ್ಕಿಂತ ಯಾವಾಗ ಎತ್ತಬೇಕು ಅನ್ನುವುದೇ ದೊಡ್ಡ ಪ್ರಶ್ನೆ. ನೀರು ಬರುವ ಮೊದಲೇ ಸ್ವಲ್ಪ ಸ್ವಲ್ಪ ಬಿಡುತ್ತ ಜಾಗ ಮಾಡಿಕೊಂಡರೆ ಮೇಲಿನವರಿಗೂ ಕೆಳಗಿನವರಿಗೂ ಪೆಟ್ಟು ಕಡಿಮೆ. ಹಾಗೆ ಮಾಡಲು ಆಲಮಟ್ಟಿಯವರಿಗೆ ನಮ್ಮ ಅಂಕಿ ಮೇಲೆ ನಂಬಿಕೆ ಇರಬೇಕು.

ಸಾಂಗ್ಲಿ ಪ್ರವಾಹಕ್ಕೆ ಆಲಮಟ್ಟಿಯ ಹಿನ್ನೀರೇ ಕಾರಣ ಅನ್ನುವ ಕೂಗು ಹಳೆಯದು. 2019ರ ನಂತರ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡ್ನೆರೆ ಸಮಿತಿ ಹಾಗಲ್ಲ ಅಂತ ಹೇಳಿತು. ಆದರೂ ಪ್ರತಿ ಮಳೆಗಾಲದಲ್ಲಿ ಕೂಗು ಏಳುತ್ತದೆ. ಆಗ ಕೆಲಸಕ್ಕೆ ಬರುವುದು ಎರಡೂ ಕಡೆಯ ಎಂಜಿನಿಯರ್‌ಗಳ ಪರಿಚಯ. ಜೂನ್‌ನಲ್ಲೇ ಎರಡೂ ಕಡೆಯವರನ್ನು ಒಂದೇ ಮೇಜಿಗೆ ಕೂರಿಸುತ್ತೇವೆ. ಯಾರ ಫೋನ್ ರಾತ್ರಿ ಯಾರು ಎತ್ತುತ್ತಾರೆ, ಯಾವ ಹೊತ್ತಿನ ಅಂಕಿ ಹಂಚಿಕೊಳ್ಳಬೇಕು, ಎಲ್ಲ ಅಲ್ಲೇ ತೀರ್ಮಾನ. ಒಬ್ಬರು ಬೆಳಿಗ್ಗೆ 6ರ ಅಂಕಿ ಕೊಟ್ಟು ಇನ್ನೊಬ್ಬರು 8ರದ್ದು ಕೊಟ್ಟರೆ ಸುಮ್ನೆ ಜಗಳ. ನನಗೆ ಮರಾಠಿಯೂ ಬರುತ್ತದೆ, ಕನ್ನಡವೂ ಬರುತ್ತದೆ. ರಾತ್ರಿ ಎರಡು ಗಂಟೆಗೆ "ಕೊಯ್ನಾದಲ್ಲಿ ಗೇಟ್ ಇನ್ನೂ ಎರಡಡಿ ಎತ್ತುತ್ತಿದ್ದಾರೆ" ಅಂತ ಆ ಕಡೆಯಿಂದ ಫೋನ್ ಬಂದರೆ, ಐದೇ ನಿಮಿಷದಲ್ಲಿ ಈ ಕಡೆಯವರಿಗೆ ತಿಳಿಸಿರುತ್ತೇನೆ. ಕಾಗದ ಆಮೇಲೆ ಬರಲಿ.

ಸೆಪ್ಟೆಂಬರ್ ಕೊನೆಗೆ ಎಲ್ಲರೂ ಉಸ್ಸಪ್ಪಾ ಅನ್ನುತ್ತಾರೆ. ನಾನು ಮಾತ್ರ ಆಗ ರಜೆ ಕೊಡಲು ಹಿಂದೆಮುಂದೆ ನೋಡುತ್ತೇನೆ. ಅಷ್ಟೊತ್ತಿಗೆ ಜಲಾಶಯಗಳೆಲ್ಲ ತುಂಬಿರುತ್ತವೆ. ಹೊಸ ನೀರಿಗೆ ಜಾಗ ಇರುವುದಿಲ್ಲ. 2009ರಲ್ಲಿ ಆಗಿದ್ದು ಅದೇ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಗೆ ಕರ್ನೂಲು ಮುಳುಗಿತು, ಮಂತ್ರಾಲಯ ಮುಳುಗಿತು. ಶ್ರೀಶೈಲ ಜಲಾಶಯಕ್ಕೆ 25 ಲಕ್ಷ ಕ್ಯೂಸೆಕ್ ನೀರು ಬಂತು.

ನವೆಂಬರ್‌ನಲ್ಲಿ ಗೋಡೆ ನೋಡುತ್ತ ಓಡಾಡುವ ಕೆಲಸ. ಮನೆ, ಗುಡಿ, ಶಾಲೆಯ ಗೋಡೆ ಮೇಲೆ ನೀರು ಬಿಟ್ಟುಹೋದ ಕೆಸರಿನ ಗೆರೆ ಹುಡುಕಿ, ಅದರ ಮಟ್ಟ ಅಳೆದು ಬರೆದಿಡುತ್ತೇವೆ. ಮನೆಯವರು ಬಣ್ಣ ಬಳಿಯುವ ಮೊದಲು ಹೋಗಬೇಕು, ದೀಪಾವಳಿ ಬಂದರೆ ಗೆರೆ ಮಾಯ. ನಮ್ಮ ಲೆಕ್ಕ ಎಲ್ಲಿ ಹೊಂದಿತು, ಎಲ್ಲಿ ಹೊಂದಲಿಲ್ಲ ಅಂತ ಈ ಗೆರೆಗಳೇ ಹೇಳುತ್ತವೆ.

ಸೇತುವೆ ಪಟ್ಟಿ ಸದ್ಯ ಕೃಷ್ಣಾ, ದೂಧಗಂಗಾಕ್ಕೆ ಮಾತ್ರ ಇದೆ. ಗೋಕಾಕದ ಲೋಳಸೂರ ಸೇತುವೆಯಿಂದ ಮುಧೋಳದ ತನಕ ಘಟಪ್ರಭಾ ಬಾಕಿ. ನವಿಲುತೀರ್ಥ ಅಣೆಕಟ್ಟಿನ ಕೆಳಗೆ ಮಲಪ್ರಭೆಯೂ ಬಾಕಿ. ಅಲ್ಲಿ ಹೊಳೆಯ ಪಾತ್ರವೇ ಕಿರಿದಾಗಿದೆ, ಸ್ವಲ್ಪ ನೀರು ಬಿಟ್ಟರೂ ಹೊಲಕ್ಕೆ ನುಗ್ಗುತ್ತದೆ. ಬರುವ ಮೇ ತಿಂಗಳಲ್ಲಿ ಮೊದಲು ಅಲ್ಲಿಗೇ ಲೆವೆಲ್ ತಗೊಂಡು ಹೋಗುತ್ತೇವೆ.